ಪೂರ್ವ ಗೇಟಿನ ಎದುರಿನ ಕಾಫಿ ಅಂಗಡಿ: ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಆಡಳಿತ ಮಂಡಳಿಯ ಸದಸ್ಯರೇ,

ನಮ್ಮ ವಿಶ್ವವಿದ್ಯಾಲಯದ ಪೂರ್ವ ಗೇಟಿನ ಎದುರು, ನಮ್ಮದೇ ಸಂಸ್ಥೆಗೆ ಸೇರಿದ ಕಟ್ಟಡದ ನೆಲಮಹಡಿಯಲ್ಲಿರುವ ಕಾಫಿ ಅಂಗಡಿಯ ಗಾಜಿನ ಬಾಗಿಲಿಗೆ ಕಳೆದ ವಾರ ಒಂದು ಪ್ರಕಟಣೆ ಅಂಟಿತು. ಬಾಡಿಗೆ ಕರಾರು ಮುಗಿಯುತ್ತಿದೆ, ಮಳಿಗೆಯನ್ನು ಟೆಂಡರ್ ಮೂಲಕ ಹಂಚಲಾಗುವುದು, ಅತಿ ಹೆಚ್ಚು ಬಾಡಿಗೆ ನಮೂದಿಸಿದವರಿಗೆ ಆದ್ಯತೆ. ಒಟ್ಟು ನಾಲ್ಕು ಸಾಲು. ಅಂಟಿಸಲು ಬಂದ ಸಿಬ್ಬಂದಿ ಕೆಲಸ ಮುಗಿಸಿ ಒಳಗೆ ಬಂದು ಕಾಫಿ ಕುಡಿದೇ ಹೋದರು. ಮಾಲೀಕರು ಅವರಿಂದ ದುಡ್ಡು ತೆಗೆದುಕೊಂಡರೋ ಇಲ್ಲವೋ ನಾನು ನೋಡಲಿಲ್ಲ, ನೋಡಬಾರದು ಅನ್ನಿಸಿತು.

ನಾನು ಇಲ್ಲಿ ಮೊದಲು ವಿದ್ಯಾರ್ಥಿ, ಆಮೇಲೆ ಸಂಶೋಧಕ, ಈಗ ಅಧ್ಯಾಪಕ. ಈ ಹನ್ನೊಂದು ವರ್ಷಗಳಲ್ಲಿ ನನ್ನ ಕೊಠಡಿ ಮೂರು ಸಲ ಬದಲಾಗಿದೆ, ವಿಭಾಗದ ಹೆಸರು ಒಮ್ಮೆ ಬದಲಾಗಿದೆ, ಈ ಅಂಗಡಿಯಲ್ಲಿ ನಾನು ಕುಳಿತುಕೊಳ್ಳುವ ಕಿಟಕಿಯ ಪಕ್ಕದ ಮೇಜು ಮಾತ್ರ ಬದಲಾಗಿಲ್ಲ. ಹಾಗಾಗಿ ನಾನು ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳುವುದಿಲ್ಲ. ಆದರೆ ಈ ಪತ್ರ ಹಳೆಯ ನೆನಪುಗಳ ಕನವರಿಕೆಯೂ ಅಲ್ಲ. ಟೆಂಡರಿನ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ, ಅದನ್ನು ತೋರಿಸಬೇಕಾಗಿದೆ.

ಮೊದಲಿಗೆ ಕಾಫಿಯ ಮಾತು ಮುಗಿಸಿಬಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಮೊದಲು ಹೋದವರಿಗೆ ಮಾತ್ರ ಕಾಣುವ ಒಂದು ದೃಶ್ಯವಿದೆ. ಮಾಲೀಕರು ಗ್ರೈಂಡರಿನ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, 18 ಗ್ರಾಂ ಪುಡಿ ತೂಗುತ್ತಾರೆ, ಹಿಡಿಕೆಯ ಬಟ್ಟಲಿಗೆ ತುಂಬಿ ಒತ್ತುತ್ತಾರೆ, ಯಂತ್ರಕ್ಕೆ ಸಿಕ್ಕಿಸಿ ಗಡಿಯಾರ ನೋಡುತ್ತಾರೆ. 9 ಬಾರ್ ಒತ್ತಡದ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು) ಬಿಸಿನೀರು ಪುಡಿಯ ನಡುವೆ ಹಾದು 25ರಿಂದ 30 ಸೆಕೆಂಡಿನಲ್ಲಿ ಕೆಳಗಿಳಿಯಬೇಕು. ಹದಿನೈದಕ್ಕೇ ಸುರಿದುಬಿಟ್ಟರೆ ಹುಳಿ, ನಲವತ್ತಕ್ಕೆ ಎಳೆದರೆ ಕಹಿ. ಗಾಳಿಯಲ್ಲಿ ತೇವ ಏರಿದರೂ, ಬೀಜ ಹುರಿದು ನಾಲ್ಕು ದಿನ ಹೆಚ್ಚಾದರೂ ಈ ಲೆಕ್ಕ ಜಾರುತ್ತದೆ. ಹಾಗಾಗಿ ದಿನದ ಮೊದಲ ಎರಡು ಲೋಟಗಳು ಮೋರಿಗೆ. ‘ನಿನ್ನೆಯ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ’ ಎಂದು ಒಮ್ಮೆ ಹೇಳಿದ್ದರು. ರಸಾಯನಶಾಸ್ತ್ರ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ನೋಡಿ, ಪ್ರಯೋಗಾಲಯದಲ್ಲಿ ಇಷ್ಟು ಶ್ರದ್ಧೆ ಇರುವ ವಿದ್ಯಾರ್ಥಿ ವರ್ಷಕ್ಕೊಬ್ಬ ಸಿಕ್ಕರೆ ಸಾಕು ಎಂದು ನಿಟ್ಟುಸಿರು ಬಿಟ್ಟರು.

ಇಷ್ಟಾದರೂ ಕೆಲವು ದಿನ ಕಾಫಿ ಕೆಡುತ್ತದೆ. ಆವರಣದ ಇನ್ನೊಂದು ಬದಿಯಲ್ಲಿರುವ ದೊಡ್ಡ ಸರಣಿಯ ಮಳಿಗೆಯಲ್ಲಿ ಗುಂಡಿ ಒತ್ತಿದರೆ ಸೋಮವಾರವೂ ಶುಕ್ರವಾರವೂ ಒಂದೇ ರುಚಿಯ ಕಾಫಿ ಬರುತ್ತದೆ. ಅದು ಸಣ್ಣ ಸಾಧನೆಯಲ್ಲ. ರುಚಿಯೊಂದನ್ನೇ ಮುಂದಿಟ್ಟು ನಾನು ತಮ್ಮಲ್ಲಿ ವಾದಿಸಿದರೆ ಸೋಲುತ್ತೇನೆ, ಏಕೆಂದರೆ ಈ ಅಂಗಡಿಗೆ ಬರುವ ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಹುಳಿ ಯಾವುದು ಕಹಿ ಯಾವುದು ಎಂಬ ಪರಿವೆಯೇ ಇರುವುದಿಲ್ಲ. ಅವರಿಗೆ ಬೇಕಾದದ್ದು ಎಚ್ಚರ, ಮತ್ತು ಒಂದು ಕುರ್ಚಿ.

ಹಾಗಾದರೆ ಅವರು ಇಲ್ಲಿಗೇ ಏಕೆ ಬರುತ್ತಾರೆ? ನನ್ನ ಉತ್ತರ ಇಷ್ಟು: ಈ ಅಂಗಡಿಯಲ್ಲಿ ತೀರ್ಮಾನ ಮಾಡುವವರು ಕೌಂಟರಿನ ಹಿಂದೆಯೇ ನಿಂತಿರುತ್ತಾರೆ. ಏನಾದರೂ ಕೇಳಿದರೆ ಅಲ್ಲೇ ಉತ್ತರ ಸಿಗುತ್ತದೆ. ಕೆಲವೊಮ್ಮೆ ‘ಆಗುವುದಿಲ್ಲ’ ಎಂಬ ಉತ್ತರ, ಅದೂ ಸ್ವಲ್ಪ ಗಡುಸಾಗಿಯೇ. ಆದರೆ ಅದು ಎದುರಿಗಿರುವ ಮನುಷ್ಯರ ಮುಖ ನೋಡಿ ಕೊಟ್ಟ ಉತ್ತರ.

ನನ್ನ ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿಯ ಮಾತು. ಅಂಗಡಿ ಮುಚ್ಚುವ ಹೊತ್ತು ಒಂಬತ್ತು. ಆಗಲೇ ಒಂಬತ್ತೂ ಹತ್ತು. ನಾವು ಮೂವರು ಇನ್ನೂ ಕುಳಿತಿದ್ದೆವು, ಅಡಿಟಿಪ್ಪಣಿಗಳ ಕ್ರಮಸಂಖ್ಯೆ ಎಲ್ಲೋ ತಪ್ಪಿಹೋಗಿ ಇಡೀ ನಾಲ್ಕನೆಯ ಅಧ್ಯಾಯ ಒಂದಂಕಿ ಮುಂದೆ ಓಡುತ್ತಿತ್ತು. ಮಾಲೀಕರು ಒಂದೊಂದೇ ಕುರ್ಚಿಯನ್ನು ಮೇಜಿನ ಮೇಲೆ ತಲೆಕೆಳಗಾಗಿ ಏರಿಸುತ್ತಾ ಬಂದರು. ನಮ್ಮ ಮೇಜಿನ ಬಳಿ ಬಂದಾಗ ನಾವು ಕಾಗದ ಸೇರಿಸಿಕೊಳ್ಳತೊಡಗಿದೆವು. ಅವರು ಕಂಪ್ಯೂಟರಿನ ಪರದೆಯತ್ತ ಒಮ್ಮೆ ಬಗ್ಗಿ ನೋಡಿ, ‘ಕಾಲು ಎತ್ತಿ’ ಎಂದರು. ಎತ್ತಿದೆವು. ಕುರ್ಚಿಯ ಕೆಳಗೆ ಒದ್ದೆ ಬಟ್ಟೆ ಎಳೆದರು. ‘ಇನ್ನೊಂದು ಗಂಟೆ ಕೂರಿ, ನನಗೂ ಲೆಕ್ಕ ಬರೆಯುವುದಿದೆ’ ಎಂದು ಒಳಗೆ ಹೋದರು. ಆ ಒಂದು ಗಂಟೆಯಲ್ಲಿ ಅವರಿಗೆ ಒಂದು ಲೋಟವೂ ವ್ಯಾಪಾರವಾಗಲಿಲ್ಲ, ದೀಪ ಉರಿಯಿತು.

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಅಂಥದ್ದೇ ಪರಿಸ್ಥಿತಿಯಲ್ಲಿ ಆ ಸರಣಿ ಮಳಿಗೆಯಲ್ಲಿ ಹತ್ತು ನಿಮಿಷ ಹೆಚ್ಚು ಕೇಳಿದಳು. ಅಲ್ಲಿ ಕೆಲಸಕ್ಕಿದ್ದ ಹುಡುಗ ಒಳ್ಳೆಯವನು, ಅವನೂ ನಮ್ಮಲ್ಲೇ ಓದುತ್ತಿರುವವನು. ಪಾಪ, ಕ್ಷಮೆ ಕೇಳಿದನಂತೆ. ದೀಪಗಳು ಇಂತಿಷ್ಟು ಗಂಟೆಗೆ ತಾವಾಗಿಯೇ ಆರುತ್ತವೆ, ಆ ವ್ಯವಸ್ಥೆ ಬೇರೆಲ್ಲೋ ಇದೆ, ಅದು ತನ್ನ ಕೈಯಲ್ಲಿಲ್ಲ ಎಂದನಂತೆ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಮೊದಲ ಅಂಗಡಿಯ ದೀಪದ ಗುಂಡಿ ಗೋಡೆಯ ಮೇಲಿದೆ. ಎರಡನೆಯದರ ಗುಂಡಿ ಎಲ್ಲಿದೆಯೆಂದು ಅಲ್ಲಿ ದುಡಿಯುವವನಿಗೇ ಗೊತ್ತಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇ ಎಂದು ತಮಗೆ ಅನ್ನಿಸಬಹುದು. ಇಂಥ ಸಣ್ಣ ಒಪ್ಪಿಗೆಗಳ ಮೇಲೆಯೇ ದೊಡ್ಡ ವಿದ್ಯೆ ನಿಂತ ಉದಾಹರಣೆಗಳಿವೆ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಲ್ವೂಫ್ ನಗರದ ಸ್ಕಾಟಿಷ್ ಕೆಫೆಯದು. ಆಗ ಪೋಲೆಂಡಿನಲ್ಲಿದ್ದ ಆ ಊರು ಈಗ ಯುಕ್ರೇನಿನ ಲ್ವೀವ್. 1930ರ ದಶಕದಲ್ಲಿ ಸ್ಟೆಫಾನ್ ಬನಾಖ್, ಸ್ಟಾನಿಸ್ಲಾವ್ ಉಲಾಮ್, ಸ್ಟಾನಿಸ್ಲಾವ್ ಮಝೂರ್ ಮೊದಲಾದ ಗಣಿತಜ್ಞರು ಅಲ್ಲಿ ಗಂಟೆಗಟ್ಟಲೆ ಕುಳಿತು, ಅಮೃತಶಿಲೆಯ ಮೇಜುಗಳ ಮೇಲೆಯೇ ಪೆನ್ಸಿಲಿನಲ್ಲಿ ಲೆಕ್ಕ ಬಿಡಿಸುತ್ತಿದ್ದರು. ಮೇಜು ಒರೆಸಿದರೆ ಗಣಿತವೂ ಹೋಯಿತು. ಕೊನೆಗೆ 1935ರಲ್ಲಿ ಬನಾಖ್ ಅವರ ಪತ್ನಿ ಒಂದು ದಪ್ಪ ನೋಟುಪುಸ್ತಕ ಕೊಂಡು ತಂದರು. ಅದು ಕೆಫೆಯಲ್ಲೇ ಇರುತ್ತಿತ್ತು. ಗಣಿತಜ್ಞರು ಬಂದು ಕೇಳಿದಾಗ ಸಿಬ್ಬಂದಿ ತಂದು ಮೇಜಿನ ಮೇಲಿಡುತ್ತಿದ್ದರು. 1941ರವರೆಗೆ ಅದರಲ್ಲಿ ಸುಮಾರು ಇನ್ನೂರು ಸಮಸ್ಯೆಗಳು ಸೇರಿದವು. 1936ರಲ್ಲಿ ಮಝೂರ್ ಬರೆದ ಒಂದು ಸಮಸ್ಯೆಗೆ ಬಹುಮಾನ ಒಂದು ಜೀವಂತ ಹೆಬ್ಬಾತು. ಮೂವತ್ತಾರು ವರ್ಷಗಳ ಮೇಲೆ, 1972ರಲ್ಲಿ, ಸ್ವೀಡನ್ನಿನ ಪೆರ್ ಎನ್‌ಫ್ಲೋ ಅದನ್ನು ಬಿಡಿಸಿದರು. ಮಝೂರ್ ಮಾತಿಗೆ ತಪ್ಪದೆ ಹೆಬ್ಬಾತನ್ನು ಅವರ ಕೈಗಿತ್ತರು.

ಎಲ್ಲರೂ ಆ ಹೆಬ್ಬಾತಿನ ಕತೆಯನ್ನೇ ಹೇಳುತ್ತಾರೆ. ನನ್ನ ಕುತೂಹಲ ಆ ನೋಟುಪುಸ್ತಕವನ್ನು ಕಾದಿಟ್ಟವರ ಮೇಲೆ. ಗಿರಾಕಿಯೊಬ್ಬರ ಪುಸ್ತಕವನ್ನು ವರ್ಷಗಟ್ಟಲೆ ಜೋಪಾನ ಮಾಡುವುದು ಯಾವ ಕೆಫೆಯ ಕೆಲಸದ ಪಟ್ಟಿಯಲ್ಲೂ ಇರುವುದಿಲ್ಲ. ಯಾರೋ ಒಬ್ಬರು, ಅಲ್ಲೇ, ಆ ಗಳಿಗೆಯಲ್ಲೇ, ‘ಆಗಲಿ, ಇಟ್ಟುಕೊಳ್ಳುತ್ತೇವೆ’ ಎಂದಿರಬೇಕು. ಗಣಿತದ ಚರಿತ್ರೆ ಅವರ ಹೆಸರನ್ನು ಬರೆದಿಟ್ಟಂತಿಲ್ಲ.

ತಮ್ಮ ಪದವಿಗೂ ಕಾಫಿ ಅಂಗಡಿಗೂ ಹಳೆಯ ಸಂಬಂಧವಿದೆ, ಅಷ್ಟೇನೂ ಸಿಹಿಯಾದದ್ದಲ್ಲ. ಇಂಗ್ಲೆಂಡಿನಲ್ಲಿ ಕಾಫಿ ಮನೆಗಳು ಕಾಲಿಟ್ಟದ್ದು 1650ರ ಆಸುಪಾಸಿನಲ್ಲಿ, ಅದೂ ವಿಶ್ವವಿದ್ಯಾಲಯದ ಊರಾದ ಆಕ್ಸ್‌ಫರ್ಡಿನಲ್ಲಿ. 1655ರ ಸುಮಾರಿಗೆ ಅಲ್ಲಿ ಆರ್ಥರ್ ಟಿಲ್ಯಾರ್ಡ್ ಎಂಬ ಔಷಧ ವ್ಯಾಪಾರಿ ತನ್ನ ಮನೆಯಲ್ಲಿ ಕಾಫಿ ಮಾರತೊಡಗಿದ. ಅಲ್ಲಿ ಸೇರುತ್ತಿದ್ದವರಲ್ಲಿ ಮುಂದೆ ವಾಸ್ತುಶಿಲ್ಪಿಯಾಗಿ ಹೆಸರಾದ ಕ್ರಿಸ್ಟೋಫರ್ ರೆನ್ ಕೂಡ ಒಬ್ಬರು. 1664ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಒಂದು ಆಜ್ಞೆ ಹೊರಡಿಸಿತು: ತನ್ನ ಗುರುವಿನ ಅನುಮತಿಯಿಲ್ಲದೆ ಕಾಫಿ ಮನೆಗೆ ಹೋದ ವಿದ್ಯಾರ್ಥಿಗೆ ಹೆಂಡದಂಗಡಿಗೆ ಹೋದವನಿಗೆ ಆಗುವ ಶಿಕ್ಷೆಯೇ ಆಗುತ್ತದೆ ಎಂದು. ಹುಡುಗರು ಹೋಗುವುದನ್ನು ಬಿಡಲಿಲ್ಲ. 1675ರ ಡಿಸೆಂಬರ್ 29ರಂದು ದೊರೆ ಎರಡನೆಯ ಚಾರ್ಲ್ಸ್ ಕಾಫಿ ಮನೆಗಳನ್ನೇ ಮುಚ್ಚಿಸಲು ಘೋಷಣೆ ಹೊರಡಿಸಿದ. ಜನ ಎಷ್ಟು ಗದ್ದಲ ಮಾಡಿದರೆಂದರೆ, ಜನವರಿ 10ರಂದು ಜಾರಿಯಾಗಬೇಕಿದ್ದ ಅದನ್ನು 8ರಂದೇ ಹಿಂತೆಗೆದುಕೊಳ್ಳಬೇಕಾಯಿತು. ದೊರೆಗೆ ಅಲ್ಲಿನ ಮಾತುಕತೆಯ ಭಯವಿತ್ತು. ಈಗಿನ ಕಾಲದಲ್ಲಿ ಘೋಷಣೆಯ ತೊಂದರೆ ಯಾರೂ ತೆಗೆದುಕೊಳ್ಳಬೇಕಾಗಿಲ್ಲ, ಬಾಡಿಗೆ ಏರಿಸಿದರೆ ಸಾಕು. ತಮಗೆ ಆ ಉದ್ದೇಶ ಇಲ್ಲವೆಂದು ನಂಬಿದ್ದೇನೆ. ಫಲ ಮಾತ್ರ ಎರಡೂ ಕಡೆ ಒಂದೇ.

ಈ ಮಾತು ಎತ್ತಿದಾಗ ಆಡಳಿತ ವಿಭಾಗದ ಹಿರಿಯರೊಬ್ಬರು ನನ್ನನ್ನು ಸಮಾಧಾನ ಮಾಡಲು, ‘ಗ್ರಂಥಾಲಯದಲ್ಲಿ ನಾಲ್ಕು ಕಾಫಿ ಯಂತ್ರ ಇಡಿಸೋಣ ಬಿಡಿ’ ಎಂದರು. ಇಡಿಸಲಿ, ಬೇಡವೆನ್ನುವುದಿಲ್ಲ. ಕೇಂಬ್ರಿಜ್‌ನ ಕಂಪ್ಯೂಟರ್ ಪ್ರಯೋಗಾಲಯದವರು 1991ರಲ್ಲಿ ತಮ್ಮ ಕಾಫಿ ಪಾತ್ರೆಯತ್ತ ಒಂದು ಕ್ಯಾಮೆರಾ ತಿರುಗಿಸಿಟ್ಟರು; ಪಾತ್ರೆ ಖಾಲಿಯಿದ್ದಾಗ ಅಷ್ಟು ದೂರ ನಡೆದು ಬರಿಗೈಯಲ್ಲಿ ಹಿಂದಿರುಗುವುದು ತಪ್ಪಲಿ ಎಂದು. 1993ರಲ್ಲಿ ಆ ಚಿತ್ರ ಅಂತರ್ಜಾಲಕ್ಕೂ ಬಂತು, 2001ರಲ್ಲಿ ಆರಿಸುವವರೆಗೂ ಜಗತ್ತಿನ ಮೂಲೆಮೂಲೆಯ ಜನ ಅದನ್ನು ನೋಡಿದರು. ಆ ಜಾಣರು ನೋಡಬಯಸಿದ್ದು ಪಾತ್ರೆಯಲ್ಲಿ ಕಾಫಿ ಇದೆಯೋ ಎಂದು. ನಾವು ಪೂರ್ವ ಗೇಟು ದಾಟಿ ಅಂಗಡಿಯ ಗಾಜಿನ ಮೂಲಕ ಮೊದಲು ನೋಡುವುದು ಒಳಗೆ ಯಾರಿದ್ದಾರೆ ಎಂದು.

ಯಾರಿರುತ್ತಾರೆ? ಒಂದು ಮೇಜಿನಲ್ಲಿ ಭೂವಿಜ್ಞಾನದವರು, ಪಕ್ಕದಲ್ಲಿ ಸಂಗೀತದವರು, ಮೂಲೆಯಲ್ಲಿ ಹನ್ನೊಂದಕ್ಕೆ ಬರುವ ನಿವೃತ್ತ ಅಂಚೆ ನೌಕರರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು. ಮನೆ ಮತ್ತು ಕೆಲಸದ ನಡುವೆ ಮನುಷ್ಯನಿಗೆ ಇನ್ನೊಂದು ಜಾಗ ಬೇಕು ಎಂದು ಹೇಳಿ ಅದಕ್ಕೆ ‘ಮೂರನೆಯ ಸ್ಥಳ’ ಎಂಬ ಹೆಸರು ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್. ಹಾಸ್ಟೆಲಿನ ವಿದ್ಯಾರ್ಥಿಗೆ ಮನೆ ಎಂದರೆ ಒಂದು ಮಂಚ, ಕೆಲಸ ಎಂದರೆ ಗ್ರಂಥಾಲಯದ ಮೌನ. ಅವನಿಗೆ ಅದು ಮೂರನೆಯದಿರಲಿ, ಎಷ್ಟೋ ಸಲ ಮೊದಲನೆಯದೇ. ಮೌನದ ಮಾತು ಬಂದದ್ದರಿಂದ ಹೇಳುತ್ತೇನೆ: ರವಿ ಮೆಹ್ತಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 50 ಡೆಸಿಬೆಲ್‌ನ ಸದ್ದಿಗಿಂತ 70 ಡೆಸಿಬೆಲ್‌ನ ಗುಜುಗುಜಿನಲ್ಲಿ ಜನರಿಗೆ ಹೊಸ ಯೋಚನೆಗಳು ಹೆಚ್ಚು ಹೊಳೆದವು, 85ಕ್ಕೆ ಏರಿದಾಗ ಕೆಟ್ಟಿತು. ಒಂದು ಅಧ್ಯಯನವನ್ನು ಹಿಡಿದು ನಾನು ಕಟ್ಟಡದ ಬಾಡಿಗೆ ನಿಗದಿ ಮಾಡಿ ಎನ್ನುವುದಿಲ್ಲ. ಆದರೆ ಬಳಸಿದ ಪುಡಿಯ ಬಿಲ್ಲೆಯನ್ನು ಉದುರಿಸಲು ಮಾಲೀಕರು ಬಟ್ಟಲನ್ನು ಮರದ ಪಟ್ಟಿಗೆ ಠಕ್ಕೆಂದು ಕುಟ್ಟುವ ಸದ್ದು, ಹಾಲಿಗೆ ಹಬೆ ಹಾಯಿಸುವಾಗಿನ ಸೀಳು ಸಿಳ್ಳೆ, ಪಕ್ಕದ ಮೇಜಿನವರ ಅರ್ಧ ಕೇಳಿಸುವ ಜಗಳ, ಇವುಗಳ ನಡುವೆ ನನ್ನ ವಾಕ್ಯಗಳು ಸರಾಗವಾಗಿ ಬರುತ್ತಿದ್ದುದು ಮಾತ್ರ ನಿಜ.

ಆ ಚರಟದ ಕತೆಯೂ ಇದೆ. ಸಂಜೆ ಒಂದು ಬಕೆಟ್ ತುಂಬುತ್ತದೆ. ಸಸ್ಯಶಾಸ್ತ್ರದ ಹುಡುಗರು ಬಂದು ತಮ್ಮ ತೋಟದ ಗೊಬ್ಬರದ ಗುಂಡಿಗೆ ಒಯ್ಯುತ್ತಾರೆ. ಯಾವ ಒಪ್ಪಂದವೂ ಇಲ್ಲ, ಅರ್ಜಿಯೂ ಇಲ್ಲ. ‘ಬಕೆಟ್ ತೊಳೆದು ತಂದಿಡಬೇಕು’ ಎಂಬುದೊಂದೇ ಷರತ್ತು, ಅದನ್ನು ಅವರು ಪಾಲಿಸುವುದು ಅಪರೂಪ.

ಇನ್ನು ಅಂಗಡಿಯ ದೋಷಗಳನ್ನೂ ಹೇಳಬೇಕು, ಇಲ್ಲವಾದರೆ ಈ ಪತ್ರ ಸನ್ಮಾನ ಪತ್ರವಾದೀತು. ಮೊಬೈಲ್ ಚಾರ್ಜ್ ಮಾಡಲು ಇರುವ ಪ್ಲಗ್‌ಗಳು ನಾಲ್ಕೇ, ಅದರಲ್ಲೊಂದು ಕೆಟ್ಟಿದೆ. ಮಾಲೀಕರ ಮುಂಗೋಪ ಜಗಜ್ಜಾಹೀರು. ಹಳೆಯ ಗಿರಾಕಿಗಳನ್ನು ಹೆಸರು ಹಿಡಿದು ಮಾತನಾಡಿಸುವ ಜಾಗದಲ್ಲಿ ಹೊಸದಾಗಿ ಬಂದವರಿಗೆ ಮುಜುಗರವಾಗುತ್ತದೆ; ಯಾರೂ ಗುರುತು ಹಿಡಿಯದಿರಲಿ ಎಂದು ಬಯಸುವವರೂ ಇರುತ್ತಾರೆ, ಅಂಥವರಿಗೆ ಸರಣಿ ಮಳಿಗೆಯೇ ವಾಸಿ. ಎಲ್ಲಕ್ಕಿಂತ ದೊಡ್ಡ ದೋಷ ಬಾಗಿಲಲ್ಲಿದ್ದ ಎರಡು ಮೆಟ್ಟಿಲು. ಗಾಲಿಕುರ್ಚಿಯಲ್ಲಿ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಒಂದು ಇಡೀ ಸೆಮಿಸ್ಟರ್ ಹೊರಗೇ ಕುಳಿತು ಕಾಫಿ ಕುಡಿದ, ಮತ್ತು ನಾವೆಲ್ಲ ಅದನ್ನು ನೋಡುತ್ತಾ ಒಳಗೆ ಕುಳಿತಿದ್ದೆವು. ಕೊನೆಗೆ ಅವನೇ ಬಾಯಿಬಿಟ್ಟು ಕೇಳಿದ. ಮೂರನೆಯ ದಿನ ಮರದ ಇಳಿಜಾರು ಹಲಗೆ ಬಂತು. ಕೇಳುವವರೆಗೆ ಹೊಳೆಯದೇ ಹೋದದ್ದು ನಾಚಿಕೆಗೇಡು. ಕೇಳಿದ ಮೂರೇ ದಿನಕ್ಕೆ ಬಂದದ್ದನ್ನೂ ಹೇಳುತ್ತೇನೆ, ಏಕೆಂದರೆ ಅದೇ ಕಟ್ಟಡದ ಮೇಲ್ಮಹಡಿಗೆ ಹೋಗುವ ಲಿಫ್ಟಿಗಾಗಿ ನಮ್ಮ ವಿಭಾಗ ಬರೆದ ಪತ್ರಗಳ ಕಡತ ಈಗ ನನ್ನ ಬೆರಳಷ್ಟು ದಪ್ಪವಿದೆ.

ಈಗ ದುಡ್ಡಿನ ಮಾತು. ಹೆಚ್ಚು ಬಾಡಿಗೆ ಬೇಡ ಎಂದು ಸಂಸ್ಥೆಗೆ ಹೇಳುವಷ್ಟು ಭೋಳೆ ನಾನಲ್ಲ. ವಿದ್ಯಾರ್ಥಿವೇತನವೂ ಅದರಿಂದಲೇ ಬರಬೇಕು ಎಂದು ಗೊತ್ತಿದೆ. ಆದರೆ ವಿಶ್ವವಿದ್ಯಾಲಯದ ಗೇಟಿನ ವ್ಯಾಪಾರ ಬೇರೆ ಬೀದಿಯ ವ್ಯಾಪಾರದಂತಲ್ಲ. ರಜೆ ಶುರುವಾದ ದಿನ ಗಿರಾಕಿಗಳು ಹೊಳೆಯಂತೆ ಬತ್ತುತ್ತಾರೆ. ಆ ತಿಂಗಳುಗಳಲ್ಲೂ ಬಾಡಿಗೆ, ವಿದ್ಯುತ್ತು, ಸಂಬಳ ನಿಲ್ಲುವುದಿಲ್ಲ. ತರಗತಿ ನಡೆಯುವಾಗಲೂ ಒಂದು ಲೋಟಕ್ಕೆ ಮೂರು ಗಂಟೆ ಕೂರುವವನೇ ಇಲ್ಲಿನ ಮಾದರಿ ಗಿರಾಕಿ. ನೂರಾರು ಮಳಿಗೆಗಳಿರುವ ಸರಣಿಗೆ ಒಂದು ಕಡೆಯ ಬರಗಾಲವನ್ನು ಇನ್ನೊಂದು ಕಡೆಯ ಸುಗ್ಗಿಯಲ್ಲಿ ತುಂಬಿಕೊಳ್ಳಲು ಬರುತ್ತದೆ, ಹಾಗಾಗಿ ಟೆಂಡರಿನಲ್ಲಿ ಅದು ಯಾವ ಅಂಕಿಯನ್ನಾದರೂ ಬರೆದೀತು. ಒಂದೇ ಅಂಗಡಿಯವರಿಗೆ ಆ ಅನುಕೂಲ ಇಲ್ಲ. ಅತಿ ಹೆಚ್ಚು ಬಾಡಿಗೆ ಎಂಬ ಒಂದೇ ಅಳತೆಗೋಲು ಇಟ್ಟರೆ ಫಲಿತಾಂಶವನ್ನು ಲಕೋಟೆ ತೆರೆಯುವ ಮೊದಲೇ ಹೇಳಬಹುದು.

ಆದ್ದರಿಂದ ಟೆಂಡರ್ ಬೇಡ ಎಂದು ಕೇಳುತ್ತಿಲ್ಲ. ಸಾರ್ವಜನಿಕ ಆಸ್ತಿಯನ್ನು ನನ್ನ ಇಷ್ಟದವರಿಗೆ ಸುಮ್ಮನೆ ಕೊಡಿ ಎನ್ನುವುದು ನ್ಯಾಯವೂ ಅಲ್ಲ. ಕೇಳುವುದು ಅದರ ಷರತ್ತುಗಳನ್ನು ತಿದ್ದಿ ಎಂದು. ಬಾಡಿಗೆಗೆ ಒಂದಿಷ್ಟು ಅಂಕ ಇರಲಿ. ಉಳಿದ ಅಂಕಗಳು ಪರೀಕ್ಷೆಯ ದಿನಗಳಲ್ಲಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತಾರೆ, ಕುಳಿತವರನ್ನು ಎಬ್ಬಿಸದೆ ಇರುತ್ತಾರೆಯೇ, ವಿದ್ಯಾರ್ಥಿಗಳಿಗೆ ಪಾಠದ ವೇಳೆಗೆ ಹೊಂದುವಂಥ ಕೆಲಸ ಕೊಡುತ್ತಾರೆಯೇ, ಗೋಡೆಯ ಫಲಕಕ್ಕೆ ಯಾರು ಬೇಕಾದರೂ ಚೀಟಿ ಚುಚ್ಚಬಹುದೇ ಎಂಬುದಕ್ಕೆ ಇರಲಿ. ಮುಖ್ಯವಾಗಿ, ಇವುಗಳ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಅಧಿಕಾರವುಳ್ಳವರು ಅಂಗಡಿಯಲ್ಲೇ ಇರುತ್ತಾರೆಯೇ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆ ಸೇರಿಸಿ. ಬಾಡಿಗೆಯನ್ನು ವಹಿವಾಟಿನ ಪಾಲಾಗಿ ನಿಗದಿ ಮಾಡುವ ಪದ್ಧತಿ ಅನೇಕ ಕಡೆ ಚಾಲ್ತಿಯಲ್ಲಿದೆ: ವ್ಯಾಪಾರ ಹೆಚ್ಚಿದ ತಿಂಗಳು ಮಾಲೀಕ ಸಂಸ್ಥೆಗೂ ಹೆಚ್ಚು, ರಜೆಯ ತಿಂಗಳು ಇಬ್ಬರಿಗೂ ಕಡಿಮೆ. ನಮ್ಮ ಶೈಕ್ಷಣಿಕ ವರ್ಷದ ಏರಿಳಿತಕ್ಕೆ ಅದಕ್ಕಿಂತ ಹೊಂದುವ ಲೆಕ್ಕ ನನಗೆ ತೋಚುತ್ತಿಲ್ಲ. ವಾಣಿಜ್ಯ ವಿಭಾಗದವರಿಗೆ ತೋಚಿದರೆ ಅವರನ್ನೇ ಕೇಳಿ, ಅವರೂ ಅಲ್ಲೇ ಕುಳಿತಿರುತ್ತಾರೆ. ಈ ಷರತ್ತುಗಳನ್ನು ಯಾವುದಾದರೂ ಸರಣಿ ಪೂರೈಸಿ ಗೆದ್ದರೆ ನಾನು ಬಾಯಿ ಮುಚ್ಚಿಕೊಂಡು ಅಲ್ಲೇ ಕಾಫಿ ಕುಡಿಯುತ್ತೇನೆ.

ಈ ಪತ್ರಕ್ಕೆ ಸಹಿ ಹಾಕುತ್ತೇವೆ ಎಂದು ಬಂದವರು ಅನೇಕರು. ಮಾಲೀಕರನ್ನು ಮಾತ್ರ ಕೇಳಲಿಲ್ಲ. ಬರೆಯುತ್ತಿದ್ದೇನೆ ಎಂದು ಹೇಳಿದಾಗ, ‘ಕಾಫಿ ಕೆಡುತ್ತದೆ ಎಂದೂ ಬರೆದಿದ್ದೀರಾ?’ ಎಂದು ಕೇಳಿದರು. ಹೌದು ಎಂದೆ. ‘ಯಾವ ದಿನ?’ ಎಂದರು. ಆ ವಿಚಾರಣೆ ಇನ್ನೂ ಮುಗಿದಿಲ್ಲ.

ಆಡಳಿತ ಮಂಡಳಿಯ ಮುಂದಿನ ಸಭೆಗೆ ಮೊದಲು ತಾವು ಒಮ್ಮೆ ಬಂದು ಕುಳಿತು ಹೋಗಬೇಕೆಂದು ವಿನಂತಿ. ಪದವಿಯ ಕಾರಿನಲ್ಲಿ ಬೇಡ, ಗೇಟಿನಿಂದ ನಡೆದೇ ಬನ್ನಿ. ನಾಲ್ಕು ಗಂಟೆಯ ನಂತರವಾದರೆ ಕಿಟಕಿಯ ಪಕ್ಕದ ಮೇಜು ಸಿಗಬಹುದು. ಅದರ ಒಂದು ಕಾಲು ಗಿಡ್ಡ. ಕೆಳಗೆ ಮಡಿಸಿಟ್ಟಿರುವ ಕಾಗದ ನನ್ನ ನಾಲ್ಕನೆಯ ಅಧ್ಯಾಯದ ಮೊದಲ ಕರಡು. ದಯವಿಟ್ಟು ಅದನ್ನು ತೆಗೆಯಬೇಡಿ, ಕಾಫಿ ಚೆಲ್ಲುತ್ತದೆ.

ಗೌರವಗಳೊಂದಿಗೆ,
ಕಿಟಕಿಯ ಪಕ್ಕದ ಮೇಜಿನ ಒಬ್ಬ ಅಧ್ಯಾಪಕ